ಟವಲಿನ ಕೆಳಗೆ ತಿಮ್ಮಯ್ಯನ ಕೈ

ಬೇರೆಯವರ ದನ ನೋಡುವಾಗ ತಿಮ್ಮಯ್ಯನ ಕಣ್ಣು ತಪ್ಪುವುದಿಲ್ಲ. ತನ್ನದು ಎಂದ ತಕ್ಷಣ ಅದೇ ಕಣ್ಣಿಗೆ ಎಲ್ಲಿಂದ ಪೊರೆ ಬಂದು ಮುಚ್ಚುತ್ತದೋ, ಮೂವತ್ತಾರು ವರ್ಷ ಜೊತೆಯಲ್ಲಿ ಬಾಳಿದ ಅವನ ಹೆಂಡತಿ ಸುನಂದಮ್ಮನಿಗೇ ಗೊತ್ತಾಗಿಲ್ಲ. ಬಿಳಿಕೆರೆಯಿಂದ ಒಳಕ್ಕೆ ಮೂರು ಮೈಲಿ ನಡೆದರೆ ಸಿಗುವ ಅವರ ಊರಿನಲ್ಲಿ ಯಾರೇ ಎತ್ತು ಕೊಳ್ಳಲಿ, ಹಸು ಮಾರಲಿ, ಮೊದಲು ತಿಮ್ಮಯ್ಯನ ಜಗಲಿಗೆ ಬರುತ್ತಾರೆ. ಇವನು ಹೋಗಿ ದನದ ಸುತ್ತ ಒಂದು ಸುತ್ತು ಹಾಕುತ್ತಾನೆ. ಬೆನ್ನ ಕೂದಲಿನ ಸುಳಿ ಒಳ್ಳೆಯದೋ ಕೆಟ್ಟದ್ದೋ ನೋಡುತ್ತಾನೆ, ತುಟಿ ಎತ್ತಿ ಹಲ್ಲು ಎಣಿಸುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಗೊರಸಿನ ಸದ್ದು ಕೇಳುತ್ತಾನೆ. "ಬ್ಯಾಡ ಕಣ್ಲಾ, ಇದು ನೊಗ ಕಂಡ್ರೆ ಮಲಗೋ ಜಾತಿ" ಅಂದರೆ ಮುಗಿಯಿತು, ಆ ಎತ್ತನ್ನು ಊರಲ್ಲಿ ಯಾರೂ ಕೊಳ್ಳುವುದಿಲ್ಲ.

ಇಂಥ ಮನುಷ್ಯ ತನ್ನ ಮನೆಗೆ ಹೊಡೆದುಕೊಂಡು ಬಂದ ದನಗಳನ್ನು ನೆನೆದರೆ ಸುನಂದಮ್ಮನಿಗೆ ಇವತ್ತಿಗೂ ಮೈ ಉರಿಯುತ್ತದೆ. ಮದುವೆಯಾದ ಎರಡನೇ ವರ್ಷ, ಮಾವ ಕಟ್ಟಿಕೊಟ್ಟಿದ್ದ ಗಟ್ಟಿ ಎತ್ತಿನ ಜೋಡಿಯನ್ನು ಸಂತೆಗೆ ಹೊಡೆದುಕೊಂಡು ಹೋಗಿ ಅದಲುಬದಲು ಮಾಡಿಕೊಂಡು ಬಂದ. ತಂದ ಜೋಡಿ ನೋಡಲು ಚಂದ. ಹೊಗೆಸೊಪ್ಪಿನ ಹೊಲದಲ್ಲಿ ನೇಗಿಲು ಕಟ್ಟಿದರೆ ಮೂರನೇ ಸಾಲಿಗೆ ಎಡಗಡೆಯದು ಮಲಗಿಬಿಡುತ್ತಿತ್ತು. ಬಾಲ ತಿರುಚಿದರೂ ಏಳುತ್ತಿರಲಿಲ್ಲ. ಊರಿಗೆಲ್ಲಾ ಮಲಗೋ ಎತ್ತು ತೋರಿಸಿಕೊಡುವ ತಿಮ್ಮಯ್ಯ ಅದರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಸುಸ್ತಾಗಿರ್ಬೇಕು ಕಣಮ್ಮಿ, ದೂರದಿಂದ ಬಂದೈತೆ" ಎನ್ನುತ್ತಿದ್ದ.

ಆಮೇಲೆ ಒಂದು ಎಮ್ಮೆ ಬಂತು. ಅದು ಮೊದಲು ಸಾಕಿದ್ದ ಮನೆಯಾಕೆಯ ಕೈಗೆ ಬಿಟ್ಟು ಇನ್ಯಾರ ಕೈಗೂ ಹಾಲು ಇಳಿಸದು. ತಿಮ್ಮಯ್ಯ ಹಳೇ ಯಜಮಾನನ ಮನೆಗೆ ಹೋಗಿ ಆ ಹೆಂಗಸಿನ ಮಾಸಿದ ಸೀರೆಯೊಂದನ್ನು ಕೇಳಿ ತಂದ. ಎಂಟು ತಿಂಗಳು, ಬೆಳಗ್ಗೆ ಸಾಯಂಕಾಲ, ಸುನಂದಮ್ಮ ಮುಖ ಕಾಣದ ಯಾವಳದೋ ಸೀರೆ ಸುತ್ತಿಕೊಂಡು ಎಮ್ಮೆ ಕರೆಯಲು ಕೂತಳು. ಸೀರೆ ಹರಿದು ಚಿಂದಿಯಾದ ಮೇಲೆ ಎಮ್ಮೆ ಹಾಲು ನಿಲ್ಲಿಸಿತು. ತಿಮ್ಮಯ್ಯ ಇನ್ನೊಂದು ಸೀರೆ ತರುತ್ತೇನೆ ಎಂದು ಹೊರಟಾಗ ಅವಳು ಕೈಯಲ್ಲಿದ್ದ ಚೆಂಬನ್ನು ಅವನ ಮೇಲೆ ಎಸೆದಿದ್ದು ಊರಿಗೆಲ್ಲಾ ಗೊತ್ತು.

ಇದಕ್ಕೆಲ್ಲಾ ಮೂಲ ಒಂದು ಟವಲು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ದಲ್ಲಾಳಿ ಹೆಗಲ ಮೇಲಿನ ಟವಲು ತೆಗೆದು ಕೈಮೇಲೆ ಹಾಕುತ್ತಾನೆ, ಕೊಳ್ಳುವವನು ಅದರ ಕೆಳಗೆ ಕೈ ತೂರಿಸುತ್ತಾನೆ. ಬೆರಳು ಹಿಡಿದಷ್ಟು ಬೆಲೆ, ಬಿಟ್ಟಷ್ಟು ಚೌಕಾಸಿ. ಸುತ್ತ ನಿಂತವರಿಗೆ ಏನೂ ಕಾಣದು. ಒಪ್ಪಿಗೆಯಾದರೆ ಒಂದು ಸಲ ಒತ್ತಬೇಕು. ಒತ್ತಿದ ಮೇಲೆ ಮುಗಿಯಿತು, ಅದು ಮಾತು. ಒತ್ತಿ ಹಿಂದೆಗೆದವನ ಕೈಯನ್ನು ಆ ಸಂತೆಯಲ್ಲಿ ಮತ್ತೆ ಯಾರೂ ಮುಟ್ಟುವುದಿಲ್ಲ. ತಿಮ್ಮಯ್ಯನಿಗೆ ಕೈ ತೂರಿಸುವ ಚಟ. "ಬೆಲೆ ತಿಳ್ಕೊಳಾಕೆ ಅಷ್ಟೆಯ" ಎಂದು ತೂರಿಸುತ್ತಾನೆ. ಟವಲಿನ ಒಳಗೆ ಹೋದ ಅವನ ಕೈ ಒತ್ತದೆ ಹೊರಬಂದದ್ದನ್ನು ಸಂತೆಯಲ್ಲಿ ಯಾರೂ ಕಂಡಿಲ್ಲ.

ಓದು ಬರಹ ತಿಳಿಯದ ಮುಗ್ಧ ಎಂದಾದರೆ ಸುನಂದಮ್ಮ ಸಹಿಸುತ್ತಿದ್ದಳೋ ಏನೋ. ಅವನಿಗೆ ತಿಳಿಯದ ಬುದ್ಧಿಮಾತೇ ಇಲ್ಲ, ಸಿಟ್ಟು ಬರುವುದು ಅದಕ್ಕೆ. ತಿಮ್ಮಯ್ಯನ ಅಪ್ಪ ಅವನನ್ನು ಹುಣಸೂರಿನ ಒಂದು ಮಿಷನ್ ಹಾಸ್ಟೆಲಿನಲ್ಲಿ ಬಿಟ್ಟು ಏಳನೇ ಕ್ಲಾಸಿನವರೆಗೆ ಓದಿಸಿದ. ಅಲ್ಲಿ ಅನ್ನಮ್ಮ ಎಂಬ ಮಲಯಾಳದ ಕಡೆಯ ಟೀಚರು, ಆಗಿನ್ನೂ ಹೊಸದಾಗಿ ಕೆಲಸಕ್ಕೆ ಸೇರಿದ್ದವರು, ದಿನವೂ ಬೆಳಗ್ಗೆ ಬೈಬಲ್ಲಿನಿಂದ ಸೊಲೊಮೋನ ರಾಜನ ಬುದ್ಧಿಮಾತು ಒಂದೊಂದನ್ನು ಹೇಳಿಕೊಟ್ಟು ಬಾಯಿಪಾಠ ಮಾಡಿಸುತ್ತಿದ್ದರು. ತಿಮ್ಮಯ್ಯ ಗಣಿತದಲ್ಲಿ ಫೇಲು, ಸೊಲೊಮೋನನಲ್ಲಿ ಫಸ್ಟು. ಮನೆಯಲ್ಲಿ ಪೂಜೆ ಮಾದೇಶ್ವರನಿಗೆ, ಬಾಯಲ್ಲಿ ಮಾತು ಸೊಲೊಮೋನಂದು, ಅವನಿಗೆ ಅದರಲ್ಲಿ ಯಾವ ತೊಡಕೂ ಕಂಡದ್ದಿಲ್ಲ.

ಊರಲ್ಲಿ ಯಾರು ಎಡವಿದರೂ ಇವನ ಹತ್ತಿರ ಒಂದು ಮಾತು ರೆಡಿ. ಸಾರಾಯಿ ಬಿಟ್ಟು ಮತ್ತೆ ಹಿಡಿದ ಚನ್ನಬಸವಣ್ಣನಿಗೆ, "ಕಕ್ಕಿದ್ದನ್ನ ನಾಯಿ ಮತ್ತೆ ಮೂಸ್ತದೆ ಅಂತ ಆ ರಾಜ ಆಗ್ಲೇ ಹೇಳವ್ನೆ" ಎಂದ. ಇಸ್ಪೀಟಿನ ಮನೆಯ ಮುಂದೆ ಸುಮ್ಮನೆ ನಿಂತು ನೋಡುತ್ತಿದ್ದವನಿಗೆ, "ಮಡ್ಲಲ್ಲಿ ಕೆಂಡ ಕಟ್ಕಂಡ್ರೆ ಬಟ್ಟೆ ಸುಡ್ದೆ ಇದ್ದಾತಾ" ಎಂದ. ಹೇಳುವಾಗ ಕಣ್ಣು ಅರ್ಧ ಮುಚ್ಚುತ್ತಾನೆ, ತಲೆದೂಗುತ್ತಾನೆ. ಕೇಳಿದವರು ಎಂಥಾ ಮಾತು ತಿಮ್ಮಣ್ಣ ಎನ್ನುತ್ತಾರೆ. ಒಲೆಯ ಮುಂದೆ ಕೂತ ಸುನಂದಮ್ಮ ಹಲ್ಲು ಕಡಿಯುತ್ತಾಳೆ. ಆಚಾರ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ಕಟ್ಟಿದವರು ಇವನನ್ನು ನೋಡಿಯೇ ಕಟ್ಟಿರಬೇಕು ಎಂದು ಅವಳ ಅನುಮಾನ.

ನಾಲ್ಕು ವರ್ಷದ ಹಿಂದೆ ಎಮ್ಮೆಯ ನಂತರದ ಹಸುವೂ ಮೋಸವಾದಾಗ ಅವಳು ಬಸ್ಸು ಹತ್ತಿ ನೇರ ಹುಣಸೂರಿಗೆ ಹೋದಳು. ಅನ್ನಮ್ಮ ಟೀಚರಿಗೆ ಈಗ ಎಂಬತ್ತರ ಹತ್ತಿರ. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಹುಣಸೂರು ಬಿಟ್ಟಿಲ್ಲ. ಸುನಂದಮ್ಮ ಹೊಸ್ತಿಲಲ್ಲೇ ಕೂತು, ನೀವು ಕಲಿಸಿದ್ದು ಹೀಗಾಗಿದೆ ನೋಡಿ ಎಂದು ಎಲ್ಲವನ್ನೂ ಸುರಿದಳು. ಟೀಚರು ನಗಲಿಲ್ಲ.

"ತಪ್ಪು ನನ್ನದು ಸುನಂದ," ಎಂದರು. "ಬಾಯಿಪಾಠಕ್ಕೆ ಮಾರ್ಕು ಕೊಟ್ಟೆ. ಅವನು ಎಲ್ಲ ಹೇಳುತ್ತಿದ್ದ, ಒಂದು ಮಾತ್ರ ಸರಿಯಾಗಿ ಹೇಳುತ್ತಿರಲಿಲ್ಲ. ಕೆಟ್ಟ ದಾರಿಯ ಹತ್ತಿರ ಸುಳಿಯಬೇಡ, ಅದರ ಮೇಲೆ ಕಾಲಿಡಬೇಡ, ಬಳಸಿಕೊಂಡು ಆಚೆ ಹೋಗು ಅಂತ ಇದೆ. ಧೈರ್ಯವಾಗಿ ನಿಂತು ಗೆಲ್ಲು ಅಂತ ಅಲ್ಲಿ ಬರೆದಿಲ್ಲ. ಬಳಸಿ ಹೋಗು ಅಂತ ಅಷ್ಟೇ. ನಿನ್ನ ಗಂಡ ಸಂತೆಯಲ್ಲಿ ನಿಂತು ಗೆಲ್ಲುವ ಗಂಡಸಲ್ಲ. ಅವನನ್ನು ಆ ಕಡೆ ಬಿಡಬೇಡ."

"ಬುದ್ಧಿ ಏಳ್ದ್ರೆ ಕೇಳಾಕಿಲ್ಲ ಟೀಚರಮ್ಮ."

"ಬುದ್ಧಿ ಹೇಳಬೇಡ. ಕೆಲಸ ಹೇಳು."

ಹೊಸ ಅಗ್ರಹಾರದ ದಾರಿಯಲ್ಲಿ ಭಾನುವಾರ ಸಂತೆ ಕೂಡುತ್ತದೆ. ಅಂದಿನಿಂದ ಪ್ರತಿ ಭಾನುವಾರ ತಿಮ್ಮಯ್ಯನಿಗೆ ಸಂತೆಯ ದಾರಿ ಬಿಟ್ಟು ಪಡುವಲ ದಿಕ್ಕಿನಲ್ಲಿ ಏನಾದರೊಂದು ಕೆಲಸ ಬೀಳುತ್ತಿತ್ತು. ಬೇಲಿ ಕಟ್ಟುವುದು, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಸೌದೆ ತರುವುದು, ಪಿರಿಯಾಪಟ್ಟಣದಲ್ಲಿರುವ ಮಗಳು ರಮ್ಯಳಿಗೆ ರಾಗಿ ಹಿಟ್ಟು ಕೊಟ್ಟು ಬರುವುದು. ಮಗಳು ಹಿಟ್ಟು ಇಡಲು ಜಾಗವಿಲ್ಲ ಎಂದು ಫೋನು ಮಾಡಿದರೂ ಸುನಂದಮ್ಮ ಕಳಿಸುತ್ತಲೇ ಇದ್ದಳು. ತಿಮ್ಮಯ್ಯನಿಗೆ ವಿಷಯ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿಲ್ಲದಂತೆ ಗೊಣಗಿಕೊಂಡು ಹೋಗುತ್ತಿದ್ದ.

ಆ ನಾಲ್ಕು ವರ್ಷದಲ್ಲಿ ಕೆಂಪಿ ಬೆಳೆಯಿತು. ತವರಿನಿಂದ ಕರುವಾಗಿ ಬಂದ ಸೀಮೆ ಹಸು, ಸುನಂದಮ್ಮನ ಸ್ವಂತದ್ದು. ಅಂದವಿಲ್ಲ ಚಂದವಿಲ್ಲ. ಒಂದು ಕೊಂಬು ಮುರಿದಿದೆ, ಮೈಮೇಲೆ ಯಾರೋ ಬಣ್ಣ ಚೆಲ್ಲಿದಂತೆ ಮಚ್ಚೆ, ಮುಂದೆ ಹೋದರೆ ಹಾಯುತ್ತದೆ, ಹಿಂದೆ ಹೋದರೆ ಒದೆಯುತ್ತದೆ. ಆದರೆ ಹೊತ್ತಿಗೆ ಆರು ಲೀಟರು, ಎರಡು ಹೊತ್ತಿಗೆ ಹನ್ನೆರಡು. ಡೈರಿಯ ಸೊಸೈಟಿಯಲ್ಲಿ ಸುನಂದಮ್ಮನ ಹೆಸರಿಗೆ ಒಂದು ಪಾಸುಬುಕ್ಕು ಬಂದದ್ದು ಕೆಂಪಿಯಿಂದ. ಮನೆಯಲ್ಲಿ ಉಪ್ಪಿನಿಂದ ಹಿಡಿದು ಮಾತ್ರೆಯವರೆಗೆ ನಡೆಯುವುದು ಅದರ ಕೆಚ್ಚಲಿನ ಮೇಲೆ. ಈಗ ಅದು ಐದು ತಿಂಗಳ ಗಬ್ಬ.

ಹೀಗಿರುವಾಗ ಪಕ್ಕದ ಮನೆಯ ಶಿವಶಂಕರ ಒಂದು ಶನಿವಾರ ಬಂದು ಕೂತ. ಎತ್ತಿನ ಜೋಡಿ ಬೇಕು, ತಿಮ್ಮಣ್ಣ ಬಂದು ನೋಡಿ ಹೇಳಲಿ ಎಂದ. ಸುನಂದಮ್ಮ ಆಗಲ್ಲ ಎಂದಳು. ಶಿವಶಂಕರ ಕೈ ಮುಗಿದ. ಅವನ ಹೆಂಡತಿ ರಾಣಿ ಗೋಡೆಯಾಚೆಯಿಂದಲೇ, "ಅಕ್ಕಾ, ನಮ್ಮ ಯಜಮಾನ್ರಿಗೆ ಕೋಣಕ್ಕೂ ಎತ್ತಿಗೂ ಯತ್ಯಾಸ ಗೊತ್ತಾಗಾಕಿಲ್ಲ" ಎಂದಳು. ತಿಮ್ಮಯ್ಯ ನೆಲ ನೋಡುತ್ತಾ ಕೂತಿದ್ದ. ನೆಂಟರ ಮನೆಯ ಊಟದ ಎಲೆ ಮುಂದೆ ಕೂತ ಹಾಗೆ ಅಷ್ಟು ಸಾಧುವಾಗಿ ಕೂತಿದ್ದ.

"ನೋಡಿ ಏಳ್ಬುಟ್ಟು ಬನ್ನಿ ಅಷ್ಟೆಯ," ಎಂದಳು ಸುನಂದಮ್ಮ. ಅದನ್ನು ಹೇಳಿದ ತನ್ನ ಬಾಯಿಗೆ ಆಮೇಲೆ ಎಷ್ಟು ಸಲ ಶಾಪ ಹಾಕಿಕೊಂಡಳೋ.

ಭಾನುವಾರ ಮಧ್ಯಾಹ್ನ ಹಿಂದಿರುಗಿದ ತಿಮ್ಮಯ್ಯ ಊಟಕ್ಕೆ ಕೂರಲಿಲ್ಲ. ನೇರ ಕೊಟ್ಟಿಗೆಗೆ ಹೋಗಿ ಗಂಜಲದ ಕಾಲುವೆ ಕೆರೆದು ಗುಡಿಸಿದ. ಕೆಂಪಿಯ ಮೈಯನ್ನು ಹುಲ್ಲಿನ ಸಿಂಬೆಯಿಂದ ತಿಕ್ಕಿದ. ಯಾರೂ ಹೇಳದೆ ಈ ಮನುಷ್ಯ ಕೊಟ್ಟಿಗೆ ಗುಡಿಸಿದ್ದನ್ನು ಕಂಡು ಸುನಂದಮ್ಮ ಒಲೆ ಬಿಟ್ಟು ಕೊಟ್ಟಿಗೆಯ ಬಾಗಿಲಿಗೆ ಬಂದಳು.

"ಏನ್ ಮಾಡ್ಕೊಂಡ್ ಬಂದ್ರಿ?"

"ಶಿವಶಂಕರಂಗೆ ಒಳ್ಳೆ ಜೋಡಿ ಕೊಡಿಸ್ದೆ ಕಣಮ್ಮಿ. ಆರಲ್ಲು. ಸುಳಿ ಶುದ್ಧ."

"ಕೈ ಇಟ್ರಾ?"

"ಶಿವಶಂಕರನ್ ಪರ ಇಟ್ಟೆ. ಅವನಿಗೆ ಬೆರಳು ಲೆಕ್ಕ ಬರಾಕಿಲ್ವಲ್ಲ."

"ಆಮೇಲೆ?"

"ಆಮೇಲೆ ದಲ್ಲಾಳಿ ಉಮಾಶಂಕರ ಕೈ ಬುಡ್ಲಿಲ್ಲ."

"ಅವ್ನು ಬುಡ್ಲಿಲ್ವೋ, ನೀವು ತಗೀಲಿಲ್ವೋ?"

ತಿಮ್ಮಯ್ಯ ಸಿಂಬೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಒಂದು ಹಳ್ಳಿಕಾರ್ ಹಸು ಇತ್ತು, ಚೊಚ್ಚಲು, ಜೊತೆಯಲ್ಲಿ ಹೆಣ್ಣು ಕರು. ಅಂಥದ್ದನ್ನು ಹದಿನೈದು ವರ್ಷದಿಂದ ಈ ಕಡೆ ನೋಡಿಲ್ಲ. ಕೆಂಪಿಯನ್ನು ಕೊಟ್ಟರೆ ಅದಲುಬದಲಿಗೆ ಒಪ್ಪುತ್ತೇನೆ ಅಂದ ಉಮಾಶಂಕರ. ನಾನು ಒತ್ತಿದೆ. ನಾಳೆ ಬೆಳಗ್ಗೆ ಹೊಡೆದುಕೊಂಡು ಬರುತ್ತಾನೆ. ಇಷ್ಟನ್ನು ಅವನು ಕೆಂಪಿಯ ಬೆನ್ನಿಗೆ ಹೇಳಿದ, ಹೆಂಡತಿಯ ಮುಖಕ್ಕೆ ಹೇಳಲಿಲ್ಲ.

ಸುನಂದಮ್ಮ ಕೂಗಾಡಲಿಲ್ಲ. ಕೂಗಾಡಲು ಶಕ್ತಿ ಉಳಿದಿರಲಿಲ್ಲ. "ಗಬ್ಬದ ಅಸ," ಎಂದಳು. "ನಂದು. ನನ್ ತವರಿಂದು. ನಿಮ್ಮ ಕೆಂಡದ ಮಾತು, ನಾಯಿ ಮಾತು ಎಲ್ಲ ಎಲ್ಲೋಗಿದ್ವು ಆವಾಗ?"

"ಗ್ಯಾಪ್ಕ ಇತ್ತು ಕಣಮ್ಮಿ," ಎಂದ ತಿಮ್ಮಯ್ಯ, ಬಹಳ ಪ್ರಾಮಾಣಿಕವಾಗಿ. "ಕೈ ಒಳೀಕೆ ಓಗೋವಾಗ್ಲೂ ಗ್ಯಾಪ್ಕ ಇತ್ತು."

ಅವಳು ಅವನ ಊಟವನ್ನು ಮುಚ್ಚಿಟ್ಟು ಹೊರಗೆ ಬಂದು ಕೂತಳು. ಕೆಂಪಿಯನ್ನು ಕಳಿಸುವ ಮಾತೇ ಇಲ್ಲ, ಅದು ತೀರ್ಮಾನ. ಆದರೆ ಕಳಿಸದಿದ್ದರೆ ಗಂಡನ ಮಾತು ಹೋಗುತ್ತದೆ. ಅವನಿಗೆ ಹೇಳಿಕೊಳ್ಳುವಂಥ ಆಸ್ತಿ ಇಲ್ಲ, ಓದು ಇಲ್ಲ. ಸಂತೆಯಲ್ಲಿ ತಿಮ್ಮಣ್ಣನ ಕೈ ಎಂದರೆ ನಾಲ್ಕು ಜನ ಎದ್ದು ನಿಲ್ಲುತ್ತಾರೆ, ಅಷ್ಟೇ ಅವನ ಸಂಪಾದನೆ. ಒಂದೇ ದಾರಿ ಉಳಿದಿತ್ತು. ಬರುವ ಹಸುವಿನಲ್ಲಿ ಏನಾದರೂ ಐಬು ಇದ್ದೇ ಇರುತ್ತದೆ, ಇವನು ತಂದದ್ದರಲ್ಲಿ ಐಬಿಲ್ಲದ್ದು ಯಾವುದಿತ್ತು? ಅದನ್ನು ಉಮಾಶಂಕರನ ಮುಖದ ಮುಂದೆ ಎತ್ತಿ ತೋರಿಸಿದರೆ ಮಾತು ತಾನೇ ಮುರಿಯುತ್ತದೆ, ತಪ್ಪು ಮಾರುವವನ ಮೇಲೆ ಬೀಳುತ್ತದೆ. ಮೂವತ್ತಾರು ವರ್ಷ ಗಂಡ ಊರವರಿಗೆ ಹೇಳಿಕೊಟ್ಟ ಪಾಠವನ್ನೆಲ್ಲಾ ಅವಳು ಒಲೆಯ ಮುಂದೆ ಕೂತು ಕೇಳಿಸಿಕೊಂಡಿದ್ದಳು.

ಬೆಳಗ್ಗೆ ಎಂಟಕ್ಕೆ ಲಗೇಜ್ ಆಟೋ ಬಂದು ನಿಂತಿತು. ಉಮಾಶಂಕರ ಹಲಗೆ ಇಳಿಸಿ ಹಗ್ಗ ಹಿಡಿದ. ಹಸು ಅವಸರವಿಲ್ಲದೆ ಇಳಿಯಿತು, ಹಿಂದೆ ಕರು. ಸುನಂದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

"ಏನಕ್ಕ, ನೀವೇ ನೋಡ್ತೀರಾ?" ಎಂದು ಉಮಾಶಂಕರ ನಕ್ಕ.

ಅವಳು ಹಸುವಿನ ಸುತ್ತ ಒಂದು ಸುತ್ತು ಹಾಕಿದಳು. ಬೆನ್ನ ಮೇಲೆ ಕೈಯಾಡಿಸಿ ಕೂದಲು ಬಿಡಿಸಿ ನೋಡಿದಳು, ಕೆಟ್ಟ ಸುಳಿ ಬೋಳಿಸಿ ಮುಚ್ಚಿದ ಗುರುತಿಲ್ಲ. ಕೊಂಬಿಗೆ ಉಗುರು ಎಳೆದಳು, ಎಣ್ಣೆ ಬಣ್ಣ ಬರಲಿಲ್ಲ. ತುಟಿ ಎತ್ತಿದಳು, ಹಸು ಸುಮ್ಮನೆ ಬಾಯಿ ಕೊಟ್ಟಿತು. ನಾಲ್ಕು ಹೆಜ್ಜೆ ನಡೆಸಿದಳು. ಕೆಚ್ಚಲು ಮುಟ್ಟಿದಳು, ನಾಲ್ಕು ಮೊಲೆಯಲ್ಲೂ ಹಾಲು ಹರಿಯಿತು. ಒಂದು ಐಬಿಲ್ಲ. ಹಾಳಾದವನು ಮೂವತ್ತಾರು ವರ್ಷಕ್ಕೆ ಒಂದು ಸಲ ಸರಿಯಾದ ದನ ನೋಡಿದ್ದ.

"ಆಲು ಎಷ್ಟು?"

"ಸುಳ್ಳು ಏಳಾಕಿಲ್ಲ ಅಕ್ಕ. ಹೊತ್ತಿಗೆ ಒಂದು ಲೀಟ್ರು. ನಾಟಿ ಅಸ ಇಷ್ಟೆಯ."

ಅಷ್ಟು ಸಾಕಿತ್ತು. ಹನ್ನೆರಡು ಲೀಟರಿನ ಜಾಗಕ್ಕೆ ಎರಡು ಲೀಟರು, ಡೈರಿಯ ಪಾಸುಬುಕ್ಕಿಗೆ ದೀಪ ಆರಿದಂತೆ. ಹೊಡ್ಕೊಂಡು ಹೋಗು ಎನ್ನಲು ಇದಕ್ಕಿಂತ ದೊಡ್ಡ ಕಾರಣ ಬೇಡ. ಸುನಂದಮ್ಮ ಬಾಯಿ ತೆರೆದಳು. ಆ ಹೊತ್ತಿಗೆ ಹಸು ತಲೆ ತಿರುಗಿಸಿ ಅವಳನ್ನು ನೋಡಿತು. ಬೂದು ಬಿಳುಪಿನ ಮುಖ, ಕಾಡಿಗೆ ತೀಡಿದಂಥ ಕಣ್ಣು. ಅವಳ ಕೈ ತಾನಾಗಿಯೇ ಅದರ ಕತ್ತಿನ ಕೆಳಗೆ ಜೋಲುವ ಗಂಗೆದೊಗಲಿಗೆ ಹೋಯಿತು. ಅವಳು ಹತ್ತು ವರ್ಷದವಳಿದ್ದಾಗ ತವರಿನ ಅಂಗಳದಲ್ಲಿ ಇಂಥದ್ದೇ ಒಂದಿತ್ತು. ಅಪ್ಪ ಅದನ್ನು ಮಾರಿದ ದಿನ ಅವಳು ಉಣ್ಣದೆ ಮಲಗಿದ್ದಳು. ಅದಾದ ಮೇಲೆ ಅವಳಿಗೆ ಹಾಲು ಕರೆಯುವ ದನ ಸಿಕ್ಕಿವೆ, ನೋಡುತ್ತಾ ನಿಲ್ಲಬೇಕೆನಿಸುವ ದನ ಸಿಕ್ಕಿಲ್ಲ. ಗಂಗೆದೊಗಲು ರೇಷ್ಮೆಯ ಹಾಗೆ ಬೆರಳಿನ ನಡುವೆ ಜಾರಿತು.

"ಏನಂತ ಕರೀತಾರೆ ಇದನ್ನ?" ಎಂದಳು.

"ಗಂಗೆ ಅಂತ."

"ಕರೂಗೆ?"

"ನೀವೇ ಇಡ್ಬೇಕು ಅಕ್ಕ, ಇನ್ನೂ ಇಟ್ಟಿಲ್ಲ."

ಎರಡು ಲೀಟರು ಕಡಿಮೆಯೇನಲ್ಲ, ಇರುವವರು ಇಬ್ಬರೇ, ಎಂದುಕೊಂಡಳು. ನಾಟಿ ಹಾಲಿಗೆ ಈಗ ಮೈಸೂರಿನವರು ಬಂದು ಕೊಂಡುಹೋಗುತ್ತಾರಂತೆ. ಕೆಂಪಿ ಒದೆಯುತ್ತದೆ ಬೇರೆ. ಹೋದ ವಾರ ತಾನೇ ಮೊಣಕಾಲಿಗೆ ಒದ್ದಿತ್ತು, ಇನ್ನೂ ನೋವಿದೆ. ಒಂದಾದ ಮೇಲೊಂದು ಕಾರಣ ತಾವಾಗಿಯೇ ಬಂದವು, ಎಲ್ಲಾ ಕೇಳಲು ನ್ಯಾಯವಾಗಿದ್ದವು. ಗಬ್ಬದ ವಿಷಯ ಒಂದು ಕ್ಷಣ ತಲೆಯಲ್ಲೇ ಇರಲಿಲ್ಲ.

ಉಮಾಶಂಕರ ಸಂತೆಯಲ್ಲಿ ಮುಖ ಓದಿ ಬಾಳುವವನು. ಹೆಗಲ ಟವಲು ತೆಗೆದು ಕೈಮೇಲೆ ಹಾಕಿ ಅವಳ ಮುಂದೆ ಹಿಡಿದ. "ಕೊಡೋ ಅಸ ನಿಮ್ದು. ನಿಮ್ ಕೈಯಿಂದ್ಲೇ ಆಗ್ಲಿ ಅಕ್ಕ. ಸುಮ್ಕೆ ಒಂದ್ ಸಲ ಇಡಿ."

ಹೆಂಗಸರು ಟವಲಿನ ಕೆಳಗೆ ಕೈ ಇಡುವುದಿಲ್ಲ. ಸುನಂದಮ್ಮ ಜೀವಮಾನದಲ್ಲಿ ಇಟ್ಟವಳಲ್ಲ. ಅವಳ ಬಲಗೈ ಗಂಗೆದೊಗಲು ಬಿಟ್ಟು ಎದ್ದಿತು. ಎದ್ದದ್ದು ಅವಳಿಗೆ ಗೊತ್ತಿತ್ತು. ಬೆರಳಿನ ತುದಿಗೆ ಟವಲಿನ ಅಂಚು ತಾಕಿತು.

ತಿಮ್ಮಯ್ಯ ಅಷ್ಟು ಹೊತ್ತೂ ಕೊಟ್ಟಿಗೆಯ ಕಂಬಕ್ಕೆ ಒರಗಿ ತಪ್ಪು ಮಾಡಿದವನ ಹಾಗೆ ನಿಂತಿದ್ದ. ಈಗ ಎರಡು ಹೆಜ್ಜೆಗೆ ಬಂದು ಟವಲನ್ನು ಕಿತ್ತು ಉಮಾಶಂಕರನ ಹೆಗಲ ಮೇಲೆ ಹಾಕಿದ.

"ಹತ್ತಿಸ್ಕೊಂಡು ಓಗು ಉಮಾಶಂಕರ."

"ಯಾಕ್ ತಿಮ್ಮಣ್ಣ? ಅಕ್ಕ ಒಪ್ಪವ್ರೆ."

"ಅದಕ್ಕೇ ಏಳ್ತಿರೋದು. ಇನ್ನೊಂದ್ ಗಳಿಗೆ ಇಲ್ಲಿ ನಿಲ್ಲಿಸ್ಬ್ಯಾಡ."

ಉಮಾಶಂಕರನ ನಗು ಹೋಯಿತು. "ನೆನ್ನೆ ನೀವು ಒತ್ತಿದ್ರಿ. ನಾಲ್ಕ್ ಜನದ ಮುಂದೆ."

"ಒತ್ತಿದ್ದೆ. ಮಾತು ತಪ್ದ ಅಂತ ಏಳು."

"ಏಳ್ಬೇಕಾಯ್ತದೆ ತಿಮ್ಮಣ್ಣ, ನಂಗೂ ಅನ್ನ ಅದೇ. ಇನ್ಮೇಲೆ ಸಂತೇಲಿ ನಿಮ್ ಕೈ ಯಾರೂ ಮುಟ್ಟಾಕಿಲ್ಲ."

"ಗೊತ್ತು," ಎಂದ ತಿಮ್ಮಯ್ಯ. ಅವನ ಕಿವಿ ಕೆಂಪಾಗಿತ್ತು. ತಾನೇ ಹೋಗಿ ಹಲಗೆ ಹಿಡಿದ, ಕರುವನ್ನು ತಾನೇ ಎತ್ತಿ ಒಳಗೆ ಬಿಟ್ಟ.

ಆಟೋ ತಿರುವಿನಲ್ಲಿ ಮರೆಯಾಗುವವರೆಗೆ ಸುನಂದಮ್ಮ ನಿಂತೇ ಇದ್ದಳು. ಕೆಂಪಿ ಉಳಿಯಿತು. ಇಡೀ ರಾತ್ರಿ ಅವಳು ಬೇಡಿಕೊಂಡದ್ದು ಅದೇ. ಈಗ ಅದು ಉಳಿದದ್ದಕ್ಕೆ ಸಂತೋಷ ಬರಲಿಲ್ಲ, ಕಣ್ಣಲ್ಲಿ ನೀರು ಬಂತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಯಾಕ್ ಕಿತ್ರಿ?" ಎಂದಳು.

"ನಿನ್ ಮೊಕ ನೋಡ್ದೆ ಕಣಮ್ಮಿ."

"ಏನಾಗಿತ್ತು ನನ್ ಮೊಕಕ್ಕೆ?"

ತಿಮ್ಮಯ್ಯ ಸೊಲೊಮೋನನ ಒಂದು ಮಾತನ್ನೂ ಹೇಳಲಿಲ್ಲ. ತನ್ನ ಬಲಗೈಯನ್ನು ತಿರುಗಿಸಿ ಅಂಗೈ ನೋಡಿಕೊಂಡ, ಇನ್ನು ಅದರಿಂದ ಏನು ಮಾಡುವುದು ಎಂದು ತಿಳಿಯದವನಂತೆ.

"ಎಲ್ಲರ್ದೂ ಅಂಗೇ ಆಯ್ತದೆ," ಎಂದ. "ಬೇರೇವ್ರದ್ದು ನಂಗೆ ಕಾಣ್ತದೆ."

ಒಳಗೆ ಕೆಂಪಿ ಹಿಂಡಿಗೆ ಹೊತ್ತಾಯಿತೆಂದು ಕೂಗಿತು. ಸುನಂದಮ್ಮ ಬಕೆಟ್ಟು ಎತ್ತಿಕೊಂಡು ಹೋದಳು. ಮದುವೆಯಾಗಿ ಮೂವತ್ತಾರು ವರ್ಷಕ್ಕೆ ಆ ಮನುಷ್ಯ ಒಂದೇ ಒಂದು ಸಲ ವಿವೇಕ ತೋರಿಸಿದ್ದ, ಅದೂ ಅವಳಿಗೆ ಅದು ಬೇಡವಾಗಿದ್ದ ಒಂದೇ ಗಳಿಗೆಯಲ್ಲಿ.